ಬೀಗದೊಳಗಿನ ಮೂರು ಪುಸ್ತಕ, ಹೊರಗಿನ ನಾಗಕ್ಕ

ಪುಸ್ತಕಕ್ಕೆ ಬೀಗ ಹಾಕುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಒಡವೆಗೆ ಬೀಗ ಹಾಕಲಿ, ಕಳ್ಳ ಒಯ್ಯುತ್ತಾನೆ. ಆದರೆ ಪುಸ್ತಕವನ್ನು ಯಾರೋ ಓದಿಬಿಟ್ಟರೆ ಅದರಲ್ಲಿ ಕಡಿಮೆಯಾಗುವುದಾದರೂ ಏನು? ಬೀಗ ಹಾಕಿದವನ ದೊಡ್ಡಸ್ತಿಕೆ, ಅಷ್ಟೇ. ಇದನ್ನು ಎಷ್ಟು ಸಲ ಬರೆದರೂ ಒಬ್ಬನೂ ಬೀಗ ತೆಗೆದಿಲ್ಲ. ಆದ್ದರಿಂದ ಈ ಸಲ ಬೈಗುಳ ಬಿಟ್ಟು ನಾಗಕ್ಕನ ಕಥೆ ಹೇಳುತ್ತೇನೆ.

ನಾಗಕ್ಕ ಹಿರಿಯೂರು ಕಡೆಯ ಒಂದು ಗೊಲ್ಲರಹಟ್ಟಿಯವಳು. ಗಂಡ ಕಾಟಲಿಂಗಪ್ಪ ಕುರಿ ಹೊಡೆದುಕೊಂಡು ಹೊರಟನೆಂದರೆ ಆರು ತಿಂಗಳು ಮುಖ ತೋರಿಸುವವನಲ್ಲ. ೧೯೭೪ರಲ್ಲಿ, ಚಿತ್ರದುರ್ಗದಿಂದ ಹೊಳಲ್ಕೆರೆಗೆ ಹೋಗುವ ದಾರಿಯಲ್ಲಿ ಒಂದು ಅದಿರು ಕಂಪನಿ ಆಫೀಸು ತೆರೆದಾಗ, ನಾಗಕ್ಕ ಅಲ್ಲಿ ಕಸ ಗುಡಿಸಲು ಸೇರಿದಳು. ದಿನಗೂಲಿ. ಎಂಬತ್ತೊಂಬತ್ತು ದಿನ ದುಡಿಸಿಕೊಳ್ಳುವುದು, ಎರಡು ದಿನ ಮನೆಗೆ ಕಳಿಸುವುದು, ಆಮೇಲೆ ಹೊಸಬಳೆಂದು ಮತ್ತೆ ಸೇರಿಸಿಕೊಳ್ಳುವುದು. ತೊಂಬತ್ತು ದಿನ ತುಂಬಿಬಿಟ್ಟರೆ ಖಾಯಂ ಮಾಡಿ ಎಂದು ಕೇಳಿಯಾಳು ಎಂಬ ಭಯ. ಪ್ರತಿ ಸಲವೂ ಅವಳ ಅರ್ಜಿಯಲ್ಲಿ ‘ಅನುಭವ: ಇಲ್ಲ’ ಎಂದು ಬರೆಯುತ್ತಿದ್ದರು. ನಾಲ್ಕು ವರ್ಷದಲ್ಲಿ ಹದಿನಾರು ಸಲ ಬರೆದರು. ಬರೆದವರ ಕೈ ಒಂದು ಸಲವೂ ನಡುಗಲಿಲ್ಲ.

“ನಮ್ಮಪ್ಪ ನನ್ನ ಒಂದೇ ಸಲ ಮದ್ವೆ ಮಾಡಿ ಕೈ ತೊಳ್ಕಂಡ,” ಎನ್ನುತ್ತಿದ್ದಳು ನಾಗಕ್ಕ. “ಈ ಕಂಪ್ನಿಯೋರು ಮೂರು ತಿಂಗ್ಳಿಗೊಂದ್ ಸಲ ಮನೆ ತುಂಬಿಸ್ಕಂತಾರೆ ನೋಡ್ರಿ.”

ಆಫೀಸಿನ ಹಿಂದಿನ ಕೋಣೆಯಲ್ಲಿ ಒಂದು ಕಂಪ್ಯೂಟರ್ ಇತ್ತು. ಎಲ್ಲೋ ಬಳಸಿ ಬಿಟ್ಟದ್ದು, ಎರಡು ಬೀರು ಗಾತ್ರದ್ದು. ರಾಮಗಿರಿ ಸ್ಟೇಷನ್ನಿನಲ್ಲಿ ವ್ಯಾಗನ್ನಿಗೆ ತುಂಬಿದ ಅದಿರಿನ ತೂಕವನ್ನು ಕೂಡಿ ಅಚ್ಚು ಹಾಕಿಕೊಡುವುದು ಅದರ ಕೆಲಸ. ಅದಕ್ಕೆ ಬಾಯಿಮಾತು ತಿಳಿಯದು. ದಪ್ಪ ಕಾಗದದ ಕಾರ್ಡುಗಳಲ್ಲಿ ತೂತು ಕೊರೆದು, ‘ಮೊದಲು ಇದನ್ನು ಮಾಡು, ಆಮೇಲೆ ಅದನ್ನು ಮಾಡು’ ಎಂದು ಒಂದೊಂದು ಕಾರ್ಡಿಗೆ ಒಂದೊಂದು ಅಪ್ಪಣೆಯಂತೆ ತಿನ್ನಿಸಬೇಕು. ಒಟ್ಟು ಇಪ್ಪತ್ತೇಳು ಅಪ್ಪಣೆ ಕಾರ್ಡು. ಒಂದು ಹಿಂದೆ ಮುಂದಾದರೂ ಕೆಂಪು ದೀಪ ಹತ್ತಿ ಮಷೀನು ಮುಷ್ಕರ ಹೂಡುತ್ತಿತ್ತು.

ಯಾವ ಅಪ್ಪಣೆಗೆ ಯಾವ ಪದ, ಅದಕ್ಕೆ ಎಲ್ಲೆಲ್ಲಿ ತೂತು, ಯಾವುದರ ಹಿಂದೆ ಯಾವುದು, ದೀಪ ಹತ್ತಿದರೆ ತಪ್ಪೇನು, ಎಲ್ಲವೂ ಮೂರು ದಪ್ಪ ಪುಸ್ತಕಗಳಲ್ಲಿ ಇತ್ತು. ಪುಸ್ತಕಗಳು ಗಾಜಿನ ಬೀರುವಿನಲ್ಲಿದ್ದವು. ಬೀರುವಿನ ಕೀಲಿ ಹನುಮಂತಯ್ಯನವರ ಉಡಿದಾರದಲ್ಲಿತ್ತು. ಇವರು ಕೋಣೆಯ ಮುಖ್ಯಸ್ಥರು. ಮಷೀನು ನಿಂತಾಗ ಎಲ್ಲರನ್ನೂ ಆಚೆ ಕಳಿಸಿ, ಬಾಗಿಲು ಹಾಕಿಕೊಂಡು ಪುಸ್ತಕ ತೆಗೆದು, ಐದು ನಿಮಿಷದ ಮೇಲೆ ಗರ್ಭಗುಡಿಯಿಂದ ಬರುವ ಪೂಜಾರಿಯಂತೆ ಹೊರಬಂದು, “ಹದಿನಾಲ್ಕನೇ ಕಾರ್ಡು ಬದಲಾಯಿಸು,” ಎನ್ನುತ್ತಿದ್ದರು.

ಮಷೀನು ನಡೆಸುತ್ತಿದ್ದವನು ಗುಡ್ಡಪ್ಪ. ಭೀಮಸಮುದ್ರದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಈ ಗುಡ್ಡಪ್ಪನೇ ನನಗೆ ಇದನ್ನೆಲ್ಲ ಹೇಳಿದ್ದು. ಒಮ್ಮೆ ಅವನು, “ಸಾರ್, ನಾನೂ ಒಂದ್ಸಲ ತಿರುವಿ ನೋಡ್ಲಾ?” ಎಂದು ಕೇಳಿದನಂತೆ.

“ನೋಡಿ ಏನು ಮಾಡ್ತೀಯಪ್ಪ? ನಾನಿದೀನಲ್ಲ!”

ಇನ್ನು ನಾಗಕ್ಕ. ಅದಿರಿನ ಊರು, ಬೇಸಿಗೆಯ ಗಾಳಿ, ಎಲ್ಲೆಲ್ಲೂ ಕೆಂಪು ದೂಳು. ದೂಳು ಹಿಡಿದ ಕಾರ್ಡು ಮಷೀನಿನ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಅದಕ್ಕೇ ಬೆಳಗ್ಗೆ ಒಂದೊಂದೇ ಕಾರ್ಡನ್ನು ಬಟ್ಟೆಯಲ್ಲಿ ಒರೆಸಿಡುವುದು ಅವಳ ಪಾಲಿಗೆ ಬಂತು. ಮೊದಲ ದಿನ ಒರೆಸಿ ಹೇಗೆಂದರೆ ಹಾಗೆ ಇಟ್ಟಳು. ಗುಡ್ಡಪ್ಪ ತಲೆಮೇಲೆ ಕೈ ಹೊತ್ತು ಕೂತ. ಆಮೇಲೆ ಹನುಮಂತಯ್ಯನವರು ಹೇಳಿದಂತೆ ಅವನು ಮತ್ತೆ ಜೋಡಿಸುವಾಗ ಅವಳು ಪಕ್ಕದಲ್ಲೇ ನಿಂತು ನೋಡಿದಳು. ಎರಡನೇ ದಿನದಿಂದ ಒಂದೂ ತಪ್ಪಲಿಲ್ಲ.

“ಹೆಂಗೆ ನಾಗಕ್ಕ? ಓದಾಕ್ ಬರಲ್ಲ ಅಂತೀಯಾ?”

“ಓದೋದ್ ಏನೈತೋ ಇದ್ರಾಗೆ? ಕುರಿ ಕಿವಿ ನೋಡ್ದಂಗೆ ನೋಡೋದು.”

ಹಟ್ಟಿಗಳಲ್ಲಿ ಮರಿಯಿದ್ದಾಗಲೇ ಕಿವಿಗೆ ಗುರುತು ಮಾಡುತ್ತಾರೆ. ಒಬ್ಬರದು ಮೇಲೆ ಎರಡು ಕಚ್ಚು, ಇನ್ನೊಬ್ಬರದು ತುದಿ ಕತ್ತರಿಸಿ ನಡುವೆ ಒಂದು ತೂತು. ಹಿಂಡು ಹಿಂಡು ಕಲೆತರೂ ಕಿವಿ ನೋಡಿದರೆ ಯಾರದೆಂದು ಗೊತ್ತಾಗುತ್ತದೆ. ಸಂಜೆ ಇನ್ನೂರು ಕುರಿ ಮುಳ್ಳುಬೇಲಿಯ ರೊಪ್ಪದೊಳಗೆ ನುಗ್ಗುವಾಗ ಬಾಗಿಲಲ್ಲಿ ನಿಂತು, ಹೊರಗಿನ ಕುರಿಯನ್ನು ಕಾಲು ಹಿಡಿದು ಎಳೆಯುತ್ತಿದ್ದವಳು ನಾಗಕ್ಕ. ಅಂಥವಳಿಗೆ ಇಪ್ಪತ್ತೇಳು ಕಾರ್ಡು ಯಾವ ಲೆಕ್ಕ?

೧೯೭೮ರಲ್ಲಿ ಒಂದು ಸುದ್ದಿ ಬಂತು. ಬೆಂಗಳೂರಿನ ದೊಡ್ಡ ಸಾಹೇಬರು ಸೋಮವಾರ ಬರುತ್ತಾರೆ, ಮಷೀನಿನ ಕೆಲಸ ನೋಡುತ್ತಾರೆ, ದಿನಗೂಲಿಯವರಲ್ಲಿ ಒಬ್ಬರನ್ನು ಖಾಯಂ ಮಾಡುತ್ತಾರೆ. ನಾಗಕ್ಕನ ಹೆಸರೂ ಹೋಗಿತ್ತು. ಆದರೆ ಫಾರಮ್ಮಿನಲ್ಲಿ ‘ಓದಲು ಬರುತ್ತದೆಯೇ?’ ಎಂದೊಂದು ಸಾಲು. ಅದರ ಮುಂದೆ ಹನುಮಂತಯ್ಯನವರು ಮೊದಲೇ ಪೆನ್ಸಿಲಿನಲ್ಲಿ ‘ಹೆಬ್ಬೆಟ್ಟು’ ಎಂದು ಗೀಚಿಟ್ಟಿದ್ದರು. ಕಸ ಗುಡಿಸಲು ಯಾವ ಕಾದಂಬರಿ ಓದಬೇಕೋ ಫಾರಮ್ಮು ಬರೆದವನನ್ನೇ ಕೇಳಬೇಕು.

ಸೋಮವಾರ ಸಾಹೇಬರ ಕಾರು ಅಂಗಳಕ್ಕೆ ಬಂತು. ಕೆಲಸವೆಲ್ಲ ತಮ್ಮದೇ ಎಂದು ತೋರಿಸುವ ಹುರುಪಿನಲ್ಲಿ ಹನುಮಂತಯ್ಯನವರು ಕಾರ್ಡಿನ ತಟ್ಟೆಯನ್ನು ಗುಡ್ಡಪ್ಪನ ಕೈಯಿಂದ ಕಿತ್ತುಕೊಂಡು ಹೊರಟರು. ಹೊಸಿಲು ಎಡವಿದರು. ಕಾರ್ಡುಗಳು ಕಡಲೆಪುರಿಯಂತೆ ಚೆಲ್ಲಿದವು. ಅಂಬೆಗಾಲಿಟ್ಟು ಬಾಚುತ್ತಿದ್ದಾಗಲೇ ಸಾಹೇಬರು ಒಳಗೆ ಬಂದರು.

“ಪುಸ್ತಕ ತೆಗೀರಿ ಸಾರ್, ನೋಡ್ಕಂಡು ಜೋಡ್ಸಾಣ,” ಎಂದ ಗುಡ್ಡಪ್ಪ.

ಹನುಮಂತಯ್ಯನವರು ಸೊಂಟ ಮುಟ್ಟಿಕೊಂಡರು. ಕೀಲಿ ಇರಲಿಲ್ಲ. ಹಿಂದಿನ ದಿನ ಹೆಂಡತಿಯೊಡನೆ ಹಾಲುರಾಮೇಶ್ವರದ ದೇವಸ್ಥಾನಕ್ಕೆ ಹೋಗಿದ್ದರು. ನೀರಿಗೆ ಇಳಿಯುವಾಗ ಕೀಲಿಯನ್ನು ಹೆಂಡತಿಯ ಚೀಲದಲ್ಲಿ ಇಟ್ಟಿದ್ದರು. ಹೆಂಡತಿ ಅಲ್ಲಿಂದಲೇ ಹೊಸದುರ್ಗದ ತವರುಮನೆಗೆ ಹೋಗಿದ್ದರು, ಚೀಲದ ಸಮೇತ.

“ಗಾಜು ಒಡೆದುಬಿಡಾಣ?”

“ಏಯ್! ಕಂಪನಿ ಗಾಜು ಅದು!”

ಗಾಜಿನಾಚೆ ಮೂರು ಪುಸ್ತಕ ಕಾಣುತ್ತಿದ್ದವು, ಮಿಠಾಯಿ ಅಂಗಡಿಯ ಜಿಲೇಬಿಯಂತೆ.

ಬಾಗಿಲಲ್ಲಿ ಪೊರಕೆ ಹಿಡಿದು ನಿಂತಿದ್ದ ನಾಗಕ್ಕ ಪೊರಕೆ ಇಟ್ಟಳು. ನೆಲದ ಮೇಲೆ ಕಾಲು ಚಾಚಿ ಕೂತಳು. “ತರ್ರಿ ಇಲ್ಲಿ,” ಎಂದಳು.

ಒಂದೊಂದೇ ಕಾರ್ಡನ್ನು ಬೆಳಕಿಗೆ ಹಿಡಿದಳು. “ಇವ್ನು ಟಗರು, ಮುಂದೆ ಹೋಗ್ಬೇಕು. ಇದು ಕಿವಿಹರಕಿ, ಇವ್ನ ಬೆನ್ನಿಗೆ. ಇದು ಬೋಳಿ. ಎಲ್ ಹೋಯ್ತು ಕುಂಟಿ? ಕೊನಿಗೆ ಬರೋಳು ಅವ್ಳು... ಐತೆ ಐತೆ.” ಹತ್ತು ನಿಮಿಷದಲ್ಲಿ ಇಪ್ಪತ್ತೇಳು ಕಾರ್ಡು ಸಾಲಾದವು. ಕೈಯಲ್ಲಿ ಒಂದು ಉಳಿಯಿತು.

“ಇದು ನಮ್ ಹಿಂಡಿಂದಲ್ಲ.”

“ಕಂಪನಿ ಕಾರ್ಡು ಕಂಪನಿದಲ್ಲ ಅಂತೀಯೇನಮ್ಮ?” ಹನುಮಂತಯ್ಯನವರಿಗೆ ಜೀವ ಬಂತು. “ಗುಡ್ಡಪ್ಪ, ಕೊನೇದಕ್ಕೆ ಮುಂಚೆ ಹಾಕು.”

ಕೆಂಪು ದೀಪ.

“ಹಾಗಾದ್ರೆ ನಡುವೆ ಹಾಕು.”

ಮತ್ತೆ ಕೆಂಪು ದೀಪ.

ಸಾಹೇಬರು ಗಡಿಯಾರ ನೋಡಿಕೊಂಡರು. “ಆಯಮ್ಮ ಹೇಳಿದ ಹಾಗೆ ಮಾಡ್ರಿ.”

ಗುಡ್ಡಪ್ಪ ಆ ಕಾರ್ಡನ್ನು ತೆಗೆದಿಟ್ಟು ಗುಂಡಿ ಒತ್ತಿದ. ಮಷೀನು ಗಡಗಡ ಎಂದಿತು, ಕೆಮ್ಮಿತು, ಅಚ್ಚಾದ ಕಾಗದ ಮಡಿಕೆ ಮಡಿಕೆಯಾಗಿ ಹೊರಗೆ ಬಿತ್ತು.

ಗುಡ್ಡಪ್ಪ ತೆಗೆದಿಟ್ಟಿದ್ದ ಕಾರ್ಡನ್ನು ಸಾಹೇಬರು ಎತ್ತಿಕೊಂಡು ಹಿಂದೆ ತಿರುಗಿಸಿದರು. ಕೆಲಸಕ್ಕೆ ಬಾರದೆಂದು ಮನೆಗೆ ಒಯ್ದಿದ್ದ ಹಳೇ ಕಾರ್ಡು, ಬೆನ್ನಮೇಲೆ ಹೆಂಗಸಿನ ದುಂಡನೆಯ ಅಕ್ಷರ. ಗಟ್ಟಿಯಾಗಿ ಓದಿದರು: “ತೆಂಗಿನಕಾಯಿ ಐದು. ಬಾಳೆಹಣ್ಣು. ಕರ್ಪೂರ. ನಿಮ್ಮ ಮಫ್ಲರ್ ಮರೆಯಬೇಡಿ.”

ಹನುಮಂತಯ್ಯನವರು ಬಾಗಿ ಕಾರ್ಡು ಬಾಚುವಾಗ ಅವರ ಅಂಗಿ ಜೇಬಿನಿಂದ ಜಾರಿದ್ದು ಅದು.

“ಮಫ್ಲರ್ ತಗೊಂಡಿದ್ರಾ ಹನುಮಂತಯ್ಯ?” ಎಂದರು ಸಾಹೇಬರು.

ಮಧ್ಯಾಹ್ನ ಫಾರಮ್ಮು ಮೇಜಿನ ಮೇಲೆ ಬಂತು. ಸಾಹೇಬರ ಪೆನ್ನು ‘ಓದಲು ಬರುತ್ತದೆಯೇ?’ ಎಂಬಲ್ಲಿ ನಿಂತಿತು. “ಕೆಲಸ ಚೆನ್ನಾಗಿ ಮಾಡ್ತೀಯಮ್ಮ. ಆದ್ರೆ ಇದೊಂದು ನಿಯಮ ಇದೆ...”

“ಹೆಬ್ಬೆಟ್ಟು ಸಾರ್,” ಎಂದು ನೆನಪಿಸಿದರು ಹನುಮಂತಯ್ಯನವರು.

ನಾಲ್ಕು ವರ್ಷ ಹದಿನಾರು ಸಲ ಹೊಸಬಳಾದವಳು ಹದಿನೇಳನೇ ಸಲಕ್ಕೆ ಒಪ್ಪಲಿಲ್ಲ. ಒಳಗೆ ಹೋಗಿ ಒಂದು ಕಾರ್ಡು ತಂದು ಸಾಹೇಬರ ಮುಂದಿಟ್ಟಳು.

“ಇದ್ರಾಗೆ ಏನೈತೆ ಓದ್ರಿ ಸಾಹೇಬ್ರೆ.”

ಸಾಹೇಬರು ನೋಡಿದರು. ತೂತು. ಹನುಮಂತಯ್ಯನವರತ್ತ ಚಾಚಿದರು. ಅವರು ಕನ್ನಡಕ ಏರಿಸಿ, ಇಳಿಸಿ, “ಇದಕ್ಕೆ ಪುಸ್ತಕ ಬೇಕು ಸಾರ್,” ಎಂದರು.

“ನಂಗೆ ಬ್ಯಾಡ,” ಎಂದಳು ನಾಗಕ್ಕ. “ಇದು ಒಂಬತ್ನೇದು. ಇದಾದ್ ಮ್ಯಾಲೆ ಅಚ್ಚು ಹಾಕೋ ಪೆಟ್ಗೆ ಗಡಗಡ ಅಂತೈತೆ. ಹಾಕಿ ನೋಡ್ರಿ ಬೇಕಾದ್ರೆ.”

ಹಾಕಿ ನೋಡುವ ಧೈರ್ಯ ಯಾರಿಗೂ ಇರಲಿಲ್ಲ. ಸಾಹೇಬರು ಪೆನ್ಸಿಲಿನ ಗೀಚು ಅಳಿಸಿ, ಶಾಯಿಯಲ್ಲಿ ‘ಬರುತ್ತದೆ’ ಎಂದು ಬರೆದು ಸಹಿ ಹಾಕಿದರು. ಎದ್ದು ಹೋಗುವಾಗ, ಇನ್ನು ಮೇಲೆ ಬೀರುವಿನ ಕೀಲಿ ನಾಗಕ್ಕನ ಬಳಿ ಇರಲಿ ಎಂದೂ ಹೇಳಿದರು.

ಮರುದಿನ ಹೊಸದುರ್ಗದಿಂದ ಕೀಲಿ ಬಂತು, ಮೈಯೆಲ್ಲ ಕುಂಕುಮ. ನಾಗಕ್ಕ ಅದನ್ನು ಸೆರಗಿನಲ್ಲಿ ಒರೆಸಿ, ಬೀರುವಿನ ಪಕ್ಕದ ಗೋಡೆಗೆ ಒಂದು ಮೊಳೆ ಹೊಡೆದು ತೂಗುಹಾಕಿದಳು. “ಯಾರಿಗ್ ಬೇಕೋ ಅವ್ರು ತಗೀರಿ. ಕೈ ತೊಳ್ಕಂಡು ಮುಟ್ರಿ ಮತ್ತೆ.” ಗುಡ್ಡಪ್ಪ ಆ ವರ್ಷದಲ್ಲೇ ಮೂರು ಪುಸ್ತಕ ಮುಗಿಸಿದ. ಪುಸ್ತಕದ ಒಂದು ಪುಟವೂ ಸವೆದಿರಲಿಲ್ಲ.

ತಿಂಗಳ ಕೊನೆಯಲ್ಲಿ ಸಂಬಳದ ಪುಸ್ತಕಕ್ಕೆ ಹೆಬ್ಬೆಟ್ಟು ಒತ್ತಲು ಗುಮಾಸ್ತ ಶಾಯಿಪೆಟ್ಟಿಗೆ ಮುಂದೆ ತಳ್ಳಿದ. ನಾಗಕ್ಕ ಅದನ್ನು ಹಿಂದಕ್ಕೆ ತಳ್ಳಿದಳು.

“ಓದಾಕ್ ಬರ್ತೈತೆ ಅಂತ ದೊಡ್ಡ ಸಾಹೇಬ್ರು ಬರ್ದವ್ರೆ. ಹೆಬ್ಬೆಟ್ಟು ಒತ್ತಿ ಅವ್ರ ಮಾತು ಸುಳ್ ಮಾಡ್ಲಾ?”

ಪೆನ್ನು ಇಸಿದುಕೊಂಡು ಒಂದು ಕಿವಿ ಬರೆದಳು. ಮೇಲೆ ಎರಡು ಕಚ್ಚು, ನಡುವೆ ಒಂದು ತೂತು. ಅವರ ಮನೆಯ ಕುರಿಗಳ ಗುರುತು. ನಿವೃತ್ತಿಯಾಗುವವರೆಗೂ ಕಂಪನಿ ಅದನ್ನೇ ಸಹಿ ಎಂದು ಒಪ್ಪಿಕೊಂಡಿತು.