ತಂತಿ ಕಾಣದ ಹಾಗೆ ಹಿಡಿದ ಸೀರೆ

ಇಸವಿ ನನಗೆ ಗೊತ್ತಿಲ್ಲ. ಊರಿಗೆ ಕರೆಂಟು ಬಂದ ಮರುವರ್ಷ, ಮಹಾನವಮಿಗೆ ದೇವರ ಮುಂದೆ ಕಳಸವಿಟ್ಟು ಘಟ್ಟ ಹಾಕುವ ಹಿಂದಿನ ವಾರ ಅನ್ನುವುದು ಮಾತ್ರ ಖಾತ್ರಿ. ನಾನು ಅಕ್ಷರ ಕಲಿತದ್ದು ಹಲ್ಲು ಬಿದ್ದ ಮೇಲೆ, ಮೊಮ್ಮಗಳ ಪಾಟಿಯ ಮೇಲೆ. ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಿ.

ನಮ್ಮದು ಆಳಂದ ತಾಲೂಕು, ಮಾದನಹಿಪ್ಪರಗಾದ ಬಸ್ಸು ಹೋಗುವ ದಾರಿಯಲ್ಲಿರುವ ಸಣ್ಣ ಊರು. ಊರ ಹೊರಗೆ ಕೆರೆ. ಅದರ ಏರಿಯ ಮೇಲೆ ಸರಕಾರದವರು ಆಗ ತೋಟ ಮಾಡಿದ್ದರು. ಸಿಮೆಂಟಿನ ಕುರ್ಚಿ, ಕಣಗಿಲೆ ಗಿಡ, ಕಾಗದದ ಹೂವಿನ ಬಳ್ಳಿ. ತೋಟಕ್ಕೆ ನೀರೆತ್ತುವ ಮೋಟರಿಗೆಂದು ಏರಿಯ ಉದ್ದಕ್ಕೂ ಕಂಬ ನೆಟ್ಟು ತಂತಿ ಎಳೆದಿದ್ದರು. ಆ ವರ್ಷದ ಮಳೆಗೆ ಒಂದು ಕಂಬ ವಾಲಿ ತಂತಿ ಜೋತುಬಿದ್ದಿತ್ತು. ಅದು ಏನು ಮಾಡುತ್ತದೆ ಎಂದು ನಮಗೆ ಗೊತ್ತಿತ್ತು. ಅದಕ್ಕೂ ಮುಂಚೆ ಒಂದು ಎಮ್ಮೆ ಕಂಬಕ್ಕೆ ಮೈ ತಿಕ್ಕಲು ಹೋಗಿ ನಿಂತಲ್ಲೇ ಸತ್ತಿತ್ತು.

ಘಟ್ಟ ಹಾಕುವ ಮುಂಚೆ ಮನೆಯ ಹಾಸಿಗೆ, ಹೊದಿಕೆ, ಸೀರೆ ಎಲ್ಲ ಕೆರೆಗೆ ಒಯ್ದು ಒಗೆಯಬೇಕು. ಅತ್ತೆ ನನ್ನನ್ನೂ ಗುರುಬಾಯಿಯನ್ನೂ ಕಳಿಸಿದಳು. ಗುರುಬಾಯಿ ನನ್ನ ಗಂಡನ ತಮ್ಮನ ಹೆಂಡತಿ. ನಮ್ಮಿಬ್ಬರಿಗೆ ಮಾತು ಬಿಟ್ಟು ಎರಡು ವರ್ಷವಾಗಿತ್ತು. ಒಂದು ಗಡಿಗೆ ಮಜ್ಜಿಗೆಯ ಮೇಲೆ ಹುಟ್ಟಿದ ಜಗಳ. ಒಂದೇ ಒಲೆಯ ರೊಟ್ಟಿ ತಿನ್ನುತ್ತಿದ್ದೆವು, ಒಂದು ಮಾತೂ ಆಡುತ್ತಿರಲಿಲ್ಲ. ಏನಾದರೂ ಹೇಳುವುದಿದ್ದರೆ ಎಮ್ಮೆಗೋ ಗೋಡೆಗೋ ಹೇಳುತ್ತಿದ್ದೆವು.

ಹೊತ್ತು ನೆತ್ತಿಗೆ ಬರುವ ಹೊತ್ತಿಗೆ ಉಳಿದ ಹೆಂಗಸರು ಹೋಗಿದ್ದರು. ನಮ್ಮದು ಒಂದೇ ಸೀರೆ ಬಾಕಿ, ಗುರುಬಾಯಿಯ ಮದುವೆಗೆ ಆಕೆಯ ಅಣ್ಣ ತಂದ ಜರಿಯಂಚಿನ ಸೀರೆ. ಜಾಲಿ ಮುಳ್ಳಿನ ಮೇಲೆ ಹರವಿದರೆ ಜರಿ ಕಿತ್ತು ಬರುತ್ತದೆ. ಅಂಥ ಸೀರೆಯನ್ನು ಇಬ್ಬರು ಎರಡೂ ತುದಿ ಹಿಡಿದು ಗಾಳಿಗೆ ಒಡ್ಡಿ ಒಣಗಿಸುವುದು ನಮ್ಮಲ್ಲಿಯ ರೂಢಿ. ಮಾತಿಲ್ಲದಿದ್ದರೂ ಅದಕ್ಕೆ ಎರಡು ಜನ ಬೇಕೇ ಬೇಕು. ಹಿಡಿದು ನಿಂತೆವು.

ಆಗ ಬಂದ ಕಲಬುರ್ಗಿಯ ಫೋಟೋದವನು. ಯಾವುದೋ ಕಚೇರಿಗೆ ತೋಟದ ಫೋಟೋ ಬೇಕಾಗಿತ್ತಂತೆ. ಮೂರು ಕಾಲಿನ ಸ್ಟ್ಯಾಂಡ್ ಅಲ್ಲಿ ಇಟ್ಟ, ಇಲ್ಲಿ ಇಟ್ಟ. ಎಲ್ಲಿಂದ ನೋಡಿದರೂ ನೀರಿನ ಮೇಲೆ ತಂತಿ ಅಡ್ಡ ಬರುತ್ತದೆ ಎಂದು ಗೊಣಗಿದ. ಕಡೆಗೆ ನಮ್ಮ ಸೀರೆ ಅವನ ಕಣ್ಣಿಗೆ ಬಿತ್ತು. ಒಡ್ಡಿನ ಕಲ್ಲಿನ ಮೇಲೆ ಹತ್ತಿ ಸೀರೆ ಎತ್ತಿ ಹಿಡಿದರೆ ತಂತಿ ಮರೆಯಾಗುತ್ತದೆ, ಫೋಟೋ ಚಂದ ಬರುತ್ತದೆ ಎಂದ.

ನಮ್ಮ ಫೋಟೋ ಅಲ್ಲಿಯವರೆಗೆ ಯಾರೂ ತೆಗೆದಿರಲಿಲ್ಲ. ಇಬ್ಬರೂ ಹತ್ತಿದೆವು. ಬುದ್ಧಿ ಇರಲಿಲ್ಲ, ಅಷ್ಟೇ.

"ಇನ್ನೂ ಮ್ಯಾಲ ಎತ್ರಿ. ಇನ್ನಾ ಕಾಣ್ತದ ತಂತಿ" ಅಂದ ಅವನು.

ಎತ್ತಿದೆವು. ಕೆರೆಯ ಕಡೆಯಿಂದ ಗಾಳಿ ಬಂತು. ಸೀರೆ ಉಬ್ಬಿ ನನ್ನ ಕೈಯಿಂದ ತುದಿ ಕಿತ್ತುಕೊಂಡು ಹೋಗಿ ಎರಡು ತಂತಿಗೂ ಸುತ್ತಿಕೊಂಡಿತು. ಇನ್ನೊಂದು ತುದಿ ಗುರುಬಾಯಿಯ ಕೈಯಲ್ಲೇ ಇತ್ತು. ನಾನು ಕಣ್ಣು ಮುಚ್ಚಿದೆ. ಏನೂ ಆಗಲಿಲ್ಲ. ಬೆಳಗಿನಿಂದ ಕರೆಂಟು ಹೋಗಿತ್ತು.

ಕರೆಂಟು ಇದೆಯೋ ಇಲ್ಲವೋ ತಿಳಿಯಲು ನಮಗೆ ಗಿರಣಿಯೇ ಗುರುತು. ಕರೆಂಟು ಬಂದ ಕೂಡಲೇ ಊರ ಹಿಟ್ಟಿನ ಗಿರಣಿ ಸದ್ದು ಮಾಡುತ್ತಿತ್ತು, ಕೆರೆಯವರೆಗೂ ಕೇಳುತ್ತಿತ್ತು. ಆಗ ಸುಮ್ಮನಿತ್ತು. ಆದರೆ ಮುಂಜಾನೆಯೇ ಲೈನ್‌ಮನ್ ಸೈಕಲ್ಲಿನ ಮೇಲೆ ರಿಪೇರಿಗೆ ಹೋದದ್ದನ್ನು ನಾನು ನೋಡಿದ್ದೆ. ಯಾವ ಗಳಿಗೆಗಾದರೂ ಬರಬಹುದಾಗಿತ್ತು.

ಗುರುಬಾಯಿ ಒದ್ದೆ ಕಲ್ಲಿನ ಮೇಲೆ ಬರಿಗಾಲಲ್ಲಿ ನಿಂತು ಎರಡೂ ಕೈಯಿಂದ ಜಗ್ಗುತ್ತಿದ್ದಳು. ಎರಡು ವರ್ಷದ ಮೇಲೆ ಮೊದಲ ಸಲ ಆಕೆಯ ಜೊತೆ ಮಾತಾಡಿದೆ.

"ಜಗ್ಗಬ್ಯಾಡ ಬೇ. ಕೈ ಬಿಡು. ಕರೆಂಟ್ ಬರ್ತದ."

ಆಕೆ ನನ್ನ ಕಡೆ ತಿರುಗಲಿಲ್ಲ. ಫೋಟೋದವನಿಗೆ ಹೇಳಿದಳು, "ಹೇಳ್ರಿ ಆಕಿಗಿ. ತನ್ನ ಸೀರಿ ಆಗಿದ್ರ ಬಿಡ್ತಿದ್ಲೇನು? ತಾನೇ ಬೇಕಂತ ಕೈ ಬಿಟ್ಟಾಳ."

ಆ ಪುಣ್ಯಾತ್ಮ, ಕರೆಂಟು ಇಲ್ಲವಲ್ಲ, ಜಗ್ಗಲಿ ಬಿಡಿ ಎಂದ.

ಆಕೆ ನನ್ನಿಂದ ನಾಲ್ಕು ಮಾರು ದೂರದಲ್ಲಿದ್ದಳು. ಹೋಗಿ ಎಳೆಯಬಹುದಿತ್ತು. ಹೋಗಲಿಲ್ಲ. ಮುಟ್ಟಿದಾಗಲೇ ಕರೆಂಟು ಬಂದರೆ ಇಬ್ಬರೂ ಎಮ್ಮೆಯ ಹಾಗೆ ಬೀಳುತ್ತೇವೆ, ಮನೆಯಲ್ಲಿ ನನ್ನ ಮೊಲೆ ಕುಡಿಯುವ ಕೂಸಿದೆ ಎಂಬುದಷ್ಟೇ ತಲೆಯಲ್ಲಿತ್ತು. ಕಿವಿ ಊರ ಕಡೆಗೆ, ಕಣ್ಣು ಆಕೆಯ ಕೈ ಮೇಲೆ. ಬಿಡು ಎಂದು ಮತ್ತೆ ಮತ್ತೆ ಹೇಳಿದೆ. ನಾನು ಹೇಳಿದಷ್ಟೂ ಆಕೆ ಬಿಗಿಯಾಗಿ ಹಿಡಿದಳು. ನಾನು ಬಿಡು ಅಂದದ್ದಕ್ಕೇ ಆಕೆ ಬಿಡುವವಳಲ್ಲ ಎಂದು ಆಗ ಗೊತ್ತಾಯಿತು.

ಆಮೇಲೆ ಆ ಮಾತು ಆಡಿದೆ.

"ಜಗ್ಗು, ಜಗ್ಗು. ನಿಮ್ಮಣ್ಣ ಹೊಸಾದು ತಂದು ಕೊಟ್ಟಂಗ ಜಗ್ತಿ. ಸತ್ತಾಕಿ ಮೈಮ್ಯಾಲಿಂದು ಬಿಚ್ಚಿ ತಂದ ಸೀರಿ ಅದು. ಊರಿಗೆಲ್ಲ ಗೊತ್ತದ."

ಸುಳ್ಳು. ಪೂರಾ ಸುಳ್ಳು. ಆಕೆಯ ಅಣ್ಣ ಒಂದು ಸುಗ್ಗಿಯೆಲ್ಲ ಪರರ ಹೊಲದಲ್ಲಿ ದುಡಿದು ತಂದ ಸೀರೆ ಅದು, ನನಗೂ ಗೊತ್ತಿತ್ತು.

ಗುರುಬಾಯಿ ಸೀರೆ ಬಿಟ್ಟಳು. ಕಲ್ಲಿನಿಂದ ಜಿಗಿದು ಬಂದು ನನ್ನ ಕೂದಲು ಹಿಡಿದಳು. ಇಬ್ಬರೂ ಏರಿಯ ಕೆಳಗೆ ಉರುಳಿದೆವು. ಆಕೆ ನನ್ನ ಮುಖಕ್ಕೆ ಎರಡು ಬಾರಿಸಿದ್ದಳು, ಮೂರನೆಯದಕ್ಕೆ ಕೈ ಎತ್ತಿದಾಗ ಗಿರಣಿ ಸದ್ದು ಮಾಡಿತು. ಮೇಲೆ ಚಟಚಟ ಎಂದಿತು. ಜರಿಯಂಚಿನ ಗುಂಟ ನೀಲಿ ಕಿಡಿ ಓಡಿತು. ಸೀರೆಯಿಂದ ಹೊಗೆ ಎದ್ದು, ಅರ್ಧ ಸುಟ್ಟು, ಅದೇ ಒದ್ದೆ ಕಲ್ಲಿನ ಮೇಲೆ ಬಿತ್ತು. ಎತ್ತಿದ ಕೈ ಹಾಗೆಯೇ ಇತ್ತು. ಆಕೆಯ ಎದೆ ಹೊಡೆದುಕೊಳ್ಳುವುದು ನನ್ನ ಮೈಗೆ ತಿಳಿಯುತ್ತಿತ್ತು.

ಫೋಟೋದವನು ಸ್ಟ್ಯಾಂಡು ಮಡಚುವುದನ್ನೂ ಬಿಟ್ಟು ಹಾಗೇ ಹೆಗಲಿಗೆ ಹಾಕಿಕೊಂಡು ಬಸ್ಸಿನ ದಾರಿ ಹಿಡಿದ. ಫೋಟೋ ತೆಗೆದನೋ ಇಲ್ಲವೋ ನನಗೆ ಗೊತ್ತಿಲ್ಲ, ನೋಡುವ ಆಸೆಯೂ ಇಲ್ಲ.

ಮನೆಗೆ ಹೋಗಿ ಅತ್ತೆಗೆ ಎಲ್ಲ ಹೇಳಿದೆ. ನಾನಾಡಿದ್ದು ಸುಳ್ಳು, ಆಕೆಯ ಕೈಯಿಂದ ಸೀರೆ ಬಿಡಿಸಲು ಆಡಿದ್ದು ಎಂದು ಗುರುಬಾಯಿಯ ಎದುರಿಗೇ ಹೇಳಿದೆ. ಆಕೆ ಕೇಳಿಸಿಕೊಂಡಳು. ತಿರುಗಿ ನನಗೇ ಹೇಳಿದಳು, ಗೋಡೆಗಲ್ಲ.

"ಜೀವ ಉಳಸಿದಿ, ಖರೇ. ಆದ್ರ ಆ ಮಾತು ನಿನಗ ಅಷ್ಟ ಲಗೂನ ಹ್ಯಾಂಗ ಸಿಕ್ತು?"

ಆಮೇಲೆ ನಾವು ಮಾತಾಡಿದೆವು, ಒಬ್ಬರ ಬಾಣಂತನ ಒಬ್ಬರು ಮಾಡಿದೆವು. ಆಕೆ ಮತ್ತೆ ಅದನ್ನು ಕೇಳಲಿಲ್ಲ. ಈಗ ಆಕೆ ಇಲ್ಲ.

ಕೆರೆಯ ಹೆದರಿಕೆ ಹೋಗಿ ಎಷ್ಟೋ ಕಾಲವಾಯಿತು. ಅದರ ನಂತರವೂ ತಂತಿಯ ಕೆಳಗೆ ಒಗೆದಿದ್ದೇನೆ. ಹೆದರಿಕೆ ಈಗ ಬೇರೆಯದರದು. ಆ ಸುಳ್ಳನ್ನು ನಾನು ಆಗ ಹುಡುಕಲಿಲ್ಲ. ಎರಡು ವರ್ಷದಿಂದ ಅದು ನನ್ನ ಬಾಯಲ್ಲಿ ತಯಾರಾಗಿಯೇ ಇತ್ತು.