ಹೊನ್ನಮ್ಮ ದೊಡ್ಡಮ್ಮ ದಾಟದ ಹೊಸ್ತಿಲು

ಕೊಡಗು ಇನ್ನೂ ಬೇರೆ ರಾಜ್ಯವಾಗಿದ್ದ ಕಾಲದ ಮಾತು. ಚೇರಂಬಾಣೆಯಿಂದಾಚೆ ನಮ್ಮ ಐನ್ ಮನೆ, ಅಂದರೆ ಇಡೀ ಕುಟುಂಬಕ್ಕೆ ಸೇರಿದ ಮೂಲಮನೆ, ಆಗಲೇ ನೂರೈವತ್ತು ಮಳೆಗಾಲ ಕಂಡಿತ್ತು. ಅದರ ಹಲಸಿನ ಕಂಬ ಎಷ್ಟು ದಪ್ಪವೆಂದರೆ, ಮದುವೆ ಬೇಡವೆಂದ ನನ್ನ ಮುತ್ತಜ್ಜ ಮೂರು ದಿನ ಅದರ ಹಿಂದೆ ಅಡಗಿದ್ದನಂತೆ. ಹುಡುಕುವವರು ಕಂಬ ಸುತ್ತಿದ ಹಾಗೆ ಅವನೂ ಸುತ್ತಿದ. ನಂಬದಿದ್ದರೆ ಬಿಡಿ ಮಕ್ಕಳೇ, ಕಂಬ ಈಗಲೂ ಇದೆ.

ಆ ಮನೆಯ ನಡುಕೋಣೆಯಲ್ಲಿ ಒಂದು ಹಿತ್ತಾಳೆ ದೀಪ. ಅದನ್ನು ಹೊಸ್ತಿಲು ದಾಟಿಸಿ ಒಳಗೆ ತಂದವರೇ ದಿನಾ ಮುಸ್ಸಂಜೆ ಹಚ್ಚಬೇಕು, ಅಲ್ಲೇ ಮಲಗಬೇಕು. ದೀಪ ಹೊರಗೆ ಬರುವುದು ಮನೆಯ ಮಾಡು, ಅಂದರೆ ಸೂರು, ಬಿಚ್ಚಿ ಕಟ್ಟುವಾಗ ಮಾತ್ರ. ಹೊನ್ನಮ್ಮ ದೊಡ್ಡಮ್ಮ ಮದುವೆಯಾಗಿ ಬಂದ ವರ್ಷ ಮಾಡು ಬಿಚ್ಚಿ ತೊಲೆ ಬದಲಿಸಿದ್ದರು. ಹೊಸ ಸೊಸೆ ಅಂತ ಎಲ್ಲರೂ ಸಂತೋಷದಿಂದ ಅವಳ ಕೈಗೆ ದೀಪ ಕೊಟ್ಟರು. ಅವಳೂ ಸಂತೋಷದಿಂದಲೇ ಒಳಗೆ ಹೋದಳು. ಇಪ್ಪತ್ತೆರಡು ವರ್ಷವಾಯಿತು. ಗಂಡ ಪಟ್ಟಾಳದಲ್ಲಿ ಸಿಪಾಯಿ, ಮೈದುನಂದಿರು ತಂತಮ್ಮ ತೋಟದಲ್ಲಿ ಬೇರೆ ಮನೆ ಕಟ್ಟಿಕೊಂಡರು. ಮಗಳು ನೀಲಾವತಿಯನ್ನು ಸುಂಟಿಕೊಪ್ಪಕ್ಕೆ ಕೊಟ್ಟ ದಿನವೂ ದೊಡ್ಡಮ್ಮ ಮಡಿಕೇರಿವರೆಗೆ ಹೋಗಿ, ದೀಪದ ಹೊತ್ತಾಯಿತೆಂದು ವಾಪಸು ಓಡಿ ಬಂದಳು. ಮಗಳ ಮನೆಗೆ ಬಾಗಿಲು ಎಷ್ಟಿದೆ ಅಂತಲೂ ಅವಳಿಗೆ ಗೊತ್ತಿರಲಿಲ್ಲ.

ನೀಲಾವತಿ ಚೊಚ್ಚಲು ಬಸುರಿಯಾದಳು. ಅತ್ತೆಯಿಲ್ಲದ ಮನೆ. ಅಮ್ಮ ಬರಬೇಕೆಂದು ಕಾಗದ ಬರೆದಳು. ಆ ಕಾಗದವನ್ನು ದೊಡ್ಡಮ್ಮ ಅಕ್ಕಿ ಡಬ್ಬಿಯಲ್ಲಿಟ್ಟು, ಅಕ್ಕಿ ತೆಗೆಯುವಾಗಲೆಲ್ಲ ಓದುತ್ತಿದ್ದಳು.

ಆಗ ಮೊಣ್ಣಪ್ಪ ದೊಡ್ಡಪ್ಪ, ಅವಳ ಮೈದುನ, ಒಂದು ದಾರಿ ಹೇಳಿದ. ಮನೆ ರಿಪೇರಿ ಮಾಡಿಸೋಣ, ಆಮೇಲೆ ದೀಪ ನನ್ನ ಹೆಂಡತಿ ಪೂವಮ್ಮ ಒಳಗೆ ತರಲಿ, ನಾವಿಬ್ಬರೂ ಬಂದು ಇರುತ್ತೇವೆ, ನೀವು ಮಗಳ ಹತ್ತಿರ ಹೋಗಿ ಎಂದ. ದೀಪ ದನದ ಕೊಟ್ಟಿಗೆಗೆ ಹೋಯಿತು, ಅದರ ಜೊತೆ ದೊಡ್ಡಮ್ಮನೂ. ಕುಶಾಲನಗರದಿಂದ ಬಡಗಿ ಪುಟ್ಟರಾಜು ಬಂದ. ಮಾಡಿನ ಹಳೇ ಹುಲ್ಲು ಕಿತ್ತಾಗ ಹೊರಟ ಇಲಿಗಳ ಮೆರವಣಿಗೆಯ ತಲೆ ಭಾಗಮಂಡಲ ಮುಟ್ಟಿದಾಗ ಬಾಲ ನಮ್ಮ ಅಂಗಳದಲ್ಲಿತ್ತು.

ಹೆಂಚು ಬಂತು. ಪೂವಮ್ಮ ಚಿಕ್ಕ ಕಿಟಕಿ ನೋಡಿ, ಕತ್ತಲೆ ಎಂದಳು. ಕಿಟಕಿ ದೊಡ್ಡದಾಯಿತು. ಅಡುಗೆಮನೆಯಲ್ಲಿ ಹೊಗೆ ಎಂದಳು. ಹೊಗೆಗೂಡು ಎದ್ದಿತು. ಪ್ರತಿ ಸಲವೂ ದೊಡ್ಡಮ್ಮ ತಾನೇ ಮಣ್ಣು ಕಲಸಿ ಕೊಟ್ಟಳು, ಮಗಳಿಗೆ ಆಗಲೇ ಎಂಟನೇ ತಿಂಗಳಾಗಿತ್ತು.

ನಾನು ಉತ್ತಯ್ಯ, ಇದೇ ಕುಟುಂಬದವನು, ಆಗ ಇಪ್ಪತ್ತಮೂರರ ಗಂಡು. ಸುಂಟಿಕೊಪ್ಪದ ಬಸ್ಸಿನಲ್ಲಿ ಕಂಡಕ್ಟರ್ ಕೆಲಸ ಸಿಕ್ಕಿತ್ತು, ಖಾಕಿ ಅಂಗಿಯೂ ಹೊಲಿದಾಗಿತ್ತು. ಮನೆ ಒಕ್ಕಲಾಗುವ ದಿನ ಮುಗಿಸಿ ಹೊರಡುವವನಿದ್ದೆ.

ಆ ದಿನ ನಾನು ಒಳಗೆ ನಿಂತು ದೀಪದ ಹಲಗೆಗೆ ಕೊನೆಯ ಮೊಳೆ ಹೊಡೆಯುತ್ತಿದ್ದೆ. ಹೊರಗೆ ಕುಟುಂಬವೆಲ್ಲ ಸೇರಿತ್ತು. ಜಗಲಿಯ ಮೇಲೆ ದೊಡ್ಡಮ್ಮನ ಟ್ರಂಕು ಹಗ್ಗ ಕಟ್ಟಿಕೊಂಡು ಕೂತಿತ್ತು. ಮಧ್ಯಾಹ್ನದ ಬಸ್ಸಿಗೆ ಇನ್ನೊಂದು ಗಂಟೆ. ಕೊಟ್ಟಿಗೆಯಿಂದ ದೀಪ ತಂದರು. ಮೊಣ್ಣಪ್ಪ ದೊಡ್ಡಪ್ಪ ಹೆಂಡತಿಯತ್ತ ನೋಡಿದ. ಪೂವಮ್ಮ ದೀಪ ತೆಗೆದುಕೊಂಡು, ಕಣ್ಣಿಗೊತ್ತಿ, ದೊಡ್ಡಮ್ಮನ ಕೈಯಲ್ಲಿಟ್ಟಳು.

"ಹೊನ್ನಕ್ಕ, ದೊಡ್ಡವರು ನೀವು ಇರುವಾಗ ನಾನು ಮುಂದೆ ಹೋಗುವುದಾ? ನೀವೇ ನಡೀರಿ."

ಮರ್ಯಾದೆಯ ಮಾತು. ಯಾರೂ ತಪ್ಪು ಹೇಳುವಂತಿಲ್ಲ. ನೆರೆದವರೆಲ್ಲ ಹೌದೌದು ಎಂದರು. ದೊಡ್ಡಮ್ಮ ಹೊಸ್ತಿಲವರೆಗೆ ಬಂದಳು. ಬಲಗಾಲು ಎತ್ತಿದಳು, ಇಳಿಸಿದಳು. ಹೊಸ ಸಾಗುವಾನಿಯ ಹೊಸ್ತಿಲು, ಒಂದು ಗೇಣೂ ಎತ್ತರವಿಲ್ಲ. ನನಗಂತೂ ಅದು ಬ್ರಹ್ಮಗಿರಿ ಬೆಟ್ಟದಷ್ಟು ಕಂಡಿತು. ಎಣ್ಣೆ ತುಳುಕಿ ಅವಳ ಕೈಮೇಲೆ ಬಿತ್ತು.

"ಉತ್ತಯ್ಯ," ಎಂದಳು, ಮೆಲ್ಲಗೆ, ನನಗೆ ಮಾತ್ರ ಕೇಳುವ ಹಾಗೆ. "ನಾ ಒಳಗೆ ಬಂದರೆ ಪುನಃ ಹೊರಗೆ ಹೋಕೆ ಇಲ್ಲೆ. ನಿಂಗೂ ಗೊತ್ತುಟ್ಟು. ಈ ದೀಪ ನೀ ಹಿಡ್ಕೊಂತಿಯಾ? ಬೇಡಾಂದರೆ ಬೇಡಾಂತ ಹೇಳ್, ಸಿಟ್ಟಿಲ್ಲೆ ಮಗ."

ನಾನು ಸುತ್ತಿಗೆ ಕೆಳಗಿಟ್ಟೆ. ಮೂರು ತಿಂಗಳಲ್ಲಿ ಪೂವಮ್ಮ ಬಂದೇ ಬರುತ್ತಾಳೆ, ಮಾಡಿನ ನಾಲ್ಕು ಹೆಂಚು ತೆಗೆಸಿ ದೀಪ ಅವಳಿಗೆ ದಾಟಿಸಿದರಾಯಿತು ಎಂದು ನನಗೆ ನಾನೇ ಹೇಳಿಕೊಂಡೆ. ಹೊಸ್ತಿಲಿನ ಮೇಲಿಂದ ಕೈ ಚಾಚಿ ದೀಪವನ್ನು ನಾನೇ ಒಳಗೆ ತೆಗೆದುಕೊಂಡೆ. ಹೊರಗೆ ಗುಜುಗುಜು. ದೊಡ್ಡಮ್ಮ ತಿರುಗಿ ನೋಡದೆ ಟ್ರಂಕು ತಲೆಯ ಮೇಲಿಟ್ಟುಕೊಂಡು ಇಳಿಜಾರಿನಲ್ಲಿ ಹೋದಳು.

ಆ ಮೂರು ತಿಂಗಳು ಇನ್ನೂ ಮುಗಿದಿಲ್ಲ. ಪೂವಮ್ಮನಿಗೆ ಆಮೇಲೆ ಬಾವಿ ದೂರವಾಯಿತು. ಖಾಕಿ ಅಂಗಿ ಹಾಕಿಕೊಂಡೇ ಎಷ್ಟೋ ವರ್ಷ ದೀಪ ಹಚ್ಚಿದೆ, ಗುಂಡಿ ಒಂದೊಂದಾಗಿ ಉದುರಿದವು. ನಿಮ್ಮ ಅಜ್ಜಿಯನ್ನೂ ಇಲ್ಲಿಗೇ ಬರಮಾಡಿಕೊಳ್ಳಬೇಕಾಯಿತು.

ಮನೆ ಒಕ್ಕಲಾದ ಮುಂದಿನ ವರ್ಷ ದೊಡ್ಡಮ್ಮ ಮೊಮ್ಮಗನನ್ನು ತೋರಿಸಲು ಬಂದಳು. ಮಗುವನ್ನು ನನ್ನ ತೊಡೆಯ ಮೇಲೆ ಹಾಕಿ ಅಂಗಳದಲ್ಲಿ ಅಡ್ಡಾಡಿದಳು, ಹೆಂಚು ನೋಡಿದಳು, ಹೊಗೆಗೂಡು ಹೊಗಳಿದಳು. ಒಳಗೆ ಬಾ, ಕಾಫಿ ಕುಡಿ ಎಂದು ಕರೆದೆ.

"ಜಗಲಿಗೇ ತಾ ಮಗ," ಎಂದಳು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು.