ಎಮ್ಮೆಯ ಬಾಟಲಿ

ತೊಂಬತ್ತರ ದಶಕದ ಮೊದಲಲ್ಲಿ, ಶೇಡಬಾಳದ ನಮ್ಮ ಮನೆಯಲ್ಲಿ ಈದ ಎಮ್ಮೆಯೊಂದು ಏಳಲಾರದೆ ಬಿದ್ದುಕೊಂಡಿತು. ದನದ ಡಾಕ್ಟರು ಬಂದು ಸೂಜಿಯಿಂದ ಕ್ಯಾಲ್ಸಿಯಂ ಏರಿಸಿದರು. ಸ್ವಲ್ಪ ಹೊತ್ತಿಗೆ ಅದು ಎದ್ದು ಮೈ ಕೊಡವಿತು. ಮುಂದೆ ದಿನಾ ಕುಡಿಸಲು ಕ್ಯಾಲ್ಸಿಯಂ ಔಷಧದ ಒಂದು ದೊಡ್ಡ ಬಾಟಲಿ ಕೊಟ್ಟು ಹೋದರು. ಅವ್ವ ಇದನ್ನೆಲ್ಲ ನೋಡುತ್ತ ನಿಂತಿದ್ದಳು. ಸೊಂಟನೋವಿನಿಂದ ಅವಳಿಗೂ ಏಳಲು ಗೋಡೆ ಬೇಕಾಗುತ್ತಿತ್ತು.

ಬಾಟಲಿ ಬೇಗ ಬೇಗ ಇಳಿಯುತ್ತಿದೆ ಎನಿಸಿತು. ನನ್ನ ಭ್ರಮೆಯೇ ಇರಬೇಕು ಅಂದುಕೊಂಡೆ. ಒಂದು ಬೆಳಿಗ್ಗೆ ಅವ್ವ ಹಿಂಡಿ ಕಲಸುತ್ತ, ಬಾಟಲಿಯ ಮುಚ್ಚಳದಲ್ಲಿ ಔಷಧ ಸುರಿದು ತಾನೇ ಕುಡಿದಳು.

"ಅವ್ವ, ಅದು ದನದ ಔಷಧ!"

"ಯಾಕ ಒದರತಿ? ಎಮ್ಮಿ ಎದ್ದು ನಿಂತಿಲ್ಲೇನ? ನಾನೂ ಈ ಮನ್ಯಾಗ ದನದಂಗ ದುಡಿದಾಕಿನ ಅದೀನಿ."

ನನಗೆ ನಗು ಬರಲಿಲ್ಲ. ನಾನು ಸಣ್ಣವನಿದ್ದಾಗ ಮೂತ್ರಪಿಂಡದ ಹರಳಿನ ನೋವಿಗೆ ಪಡಸಾಲೆಯಲ್ಲಿ ಹೊರಳಾಡಿದವಳು ಅವ್ವನೋ, ಅಜ್ಜಿಯೋ? ಹಸಿರು ಸೀರೆ ನೆನಪಿದೆ, ಮುಖ ನೆನಪಿಲ್ಲ. ರಸಾಯನಶಾಸ್ತ್ರ ಓದಿದ ನನಗೆ ಹರಳು ಯಾವುದರಿಂದ ಆಗುತ್ತದೆಂದು ಗೊತ್ತಿತ್ತು: ಹೆಚ್ಚಾಗಿ ಇದೇ ಕ್ಯಾಲ್ಸಿಯಂನಿಂದ. ಯಾರಿಗೆ ಆಗಿತ್ತೆಂಬುದೇ ಗೊತ್ತಿರಲಿಲ್ಲ.

ಅಂದೇ ಅವ್ವನನ್ನು ಮಿರಜಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬಾಟಲಿಯ ಸಂಗತಿ ಹೇಳಿದೆ. ಡಾಕ್ಟರು ಮೊದಲು ಕೇಳಿದ್ದೇ ಅದನ್ನು: "ಹಿಂದ ಹರಳಾಗಿತ್ತೇನ್ರಿ?"

"ನನಗಲ್ರಿ, ನಮ್ಮ ಅತ್ತೀಗಿ," ಅಂದಳು ಅವ್ವ, ಗಡಿಬಿಡಿಯಲ್ಲಿ. ಆ ಗಡಿಬಿಡಿಯೇ ನನ್ನನ್ನು ಹೆದರಿಸಿತು. ಎಕ್ಸ್‌ರೇ ತೆಗೆಯಿರಿ ಎಂದು ಪಟ್ಟು ಹಿಡಿದೆ. ಸಣ್ಣದೊಂದು ಹರಳು ಕಂಡಿತು.

"ಬಾಟ್ಲಿ ಬಂದ್ ಮಾಡ್ರಿ," ಅಂದರು ಡಾಕ್ಟರು. "ರಕ್ತದ ರಿಪೋರ್ಟ್ ಬರೂತನಕ ಕ್ಯಾಲ್ಸಿಯಂ ಗುಳಗಿನೂ ಬ್ಯಾಡ. ಮುಂದ ಕೊಟ್ರೂ ಊಟದ ಜೋಡಿ, ಸ್ವಲ್ಪ ಸ್ವಲ್ಪ. ನೀರು ಭಾಳ ಕುಡೀರಿ. ಹಾಲು ಎಷ್ಟ ಕುಡೀತೀರಿ?"

"ಹಾಲು ಡೇರಿಗಿ ಹೋಗತೈತ್ರಿ. ನಂದು ಕರೀ ಚಾ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಮದ್ಲ ಹಾಲು ಕುಡೀರಿ ಅವ್ವಾರ. ಅದಕ್ಕ ಹರಳಿನ ಹೆದರಿಕಿ ಬ್ಯಾಡ."

ಬಸ್ಸಿನಲ್ಲಿ ಕೇಳಿದೆ: "ಆ ಹಸಿರು ಸೀರಿ ನಿಂದೇನು?"

"ನಂದೂ ಹಸರ ಇತ್ತು, ಅತ್ತೀದೂ ಹಸರ ಇತ್ತು," ಎಂದು ಕಿಟಕಿಯ ಕಡೆ ತಿರುಗಿದಳು.

ಮರುದಿನದಿಂದ ಎಮ್ಮೆಗೆ ಔಷಧ ಕುಡಿಸುವುದು ನನ್ನ ಕೆಲಸವಾಯಿತು. ಡೇರಿಯ ಕ್ಯಾನಿಗೆ ಸುರಿಯುವ ಮೊದಲೇ ಹಾಲು ತೆಗೆದು ಕಾಯಿಸಿ, ಅವ್ವ ಕುಡಿದು ಮುಗಿಸುವವರೆಗೆ ಎದುರಿಗೇ ಕೂಡುತ್ತಿದ್ದೆ.

"ಏಳೋ, ನಾ ಏನ್ ನಿನ್ನ ಎಮ್ಮಿ ಕರಾನ?" ಎಂದು ಬೈಯುತ್ತಲೇ ಅವಳು ಲೋಟ ಕೆಳಗಿಡುತ್ತಿದ್ದಳು. ಏಳುವಾಗ ಅವಳ ಕೈ ಇನ್ನೂ ಗೋಡೆಯನ್ನೇ ಹುಡುಕುತ್ತಿತ್ತು.